ಮರೆವಿನ ಗುರುತು ಹಿಡಿಯುವ ಮೊಲ

ನಮ್ಮ ಬಂಡಳ್ಳಿ ಕಡೆಯ ಮಕ್ಕಳಿಗೆ ಹಾವಿನ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವರು, ರಾತ್ರಿ ಹಂದಿ ಕಾವಲಿಗೆ ಹೊಲದಲ್ಲಿ ಮಲಗಿದವರು, ಹುಲ್ಲಿನ ಮೆದೆಗೆ ಕೈ ಹಾಕಿದವರು, ಹೀಗೆ ಪ್ರತಿ ಬೀದಿಯಲ್ಲೂ ಒಂದು ಹಾವಿನ ಕತೆ ಇದ್ದೇ ಇದೆ. ಕಚ್ಚಿದ ಕೂಡಲೇ ಆಸ್ಪತ್ರೆಗೆ ಓಡಬೇಕು, ಅಲ್ಲಿ ಇಂಜೆಕ್ಷನ್ ಕೊಡುತ್ತಾರೆ ಎಂಬುದೂ ಈಗ ಎಲ್ಲರಿಗೂ ಗೊತ್ತು. ಆದರೆ ಆ ಸಣ್ಣ ಸೀಸೆಯಲ್ಲಿರುವುದು ಕುದುರೆಯ ರಕ್ತದಿಂದ ತೆಗೆದ ಸಾರ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಕುದುರೆಗೆ ಮೊದಲು ಚೂರೇ ಚೂರು, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ವಾರಗಟ್ಟಲೆ ಚುಚ್ಚುತ್ತಾ ಹೋಗುತ್ತಾರೆ. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ಆ ವಿಷವನ್ನು ಹಿಡಿದು ಕಟ್ಟಿಹಾಕುವ ವಸ್ತು ಹುಟ್ಟಿಕೊಳ್ಳುತ್ತದೆ. ಅದೇ ಪ್ರತಿಕಾಯ. ಅದನ್ನು ತೆಗೆದು ಶುದ್ಧಿ ಮಾಡಿ ಸೀಸೆಗೆ ತುಂಬಿದರೆ ಹನೂರಿನ ಆಸ್ಪತ್ರೆಯಲ್ಲಿ ಮಲಗಿದವನ ಜೀವ ಉಳಿಯುತ್ತದೆ.

ಇಷ್ಟು ಹೇಳಿದ್ದು ಹಾವಿಗಾಗಿ ಅಲ್ಲ. ಇದೇ ಉಪಾಯವನ್ನು ತಿರುಗಿಸಿ ಹಾಕಿದರೆ ಇನ್ನೊಂದು ಕೆಲಸವಾಗುತ್ತದೆ. ವಿಷದ ಬದಲು ಮನುಷ್ಯನ ಮೈಯಲ್ಲಿರುವ ಯಾವುದೋ ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಏನಾಗಬೇಕು? ಮೊಲಕ್ಕೆ ಅದು ಪರಕೀಯ ವಸ್ತು. ಅದರ ರಕ್ತದಲ್ಲಿ ಆ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಹುಟ್ಟುತ್ತದೆ. ಮೊಲಕ್ಕೆ ಅದರಿಂದ ಲಾಭವಿಲ್ಲ. ನಮಗೆ ಮಾತ್ರ ಒಬ್ಬ ಪತ್ತೇದಾರ ಸಿಕ್ಕಂತೆ. ಕೋಟ್ಯಂತರ ವಸ್ತುಗಳ ಸಂತೆಯಲ್ಲಿ ಆ ಒಂದು ಪ್ರೋಟೀನು ಎಲ್ಲಿ ಕುಳಿತಿದೆ ಎಂದು ಅದು ತೋರಿಸಿಕೊಡುತ್ತದೆ.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನಗೆ ಈ ಮೊಲದ ವಿಚಾರ ಹೇಗೆ ತಿಳಿಯಿತು ಎಂದು ಕೇಳುತ್ತೀರಿ. ಹೇಳಿಕೊಟ್ಟವಳು ನಮ್ಮಣ್ಣನ ಮೊಮ್ಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ನನ್ನನ್ನು ಚಿಕ್ಕತಾತ ಎನ್ನುತ್ತಾಳೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಜಗುಲಿಯ ಮೇಲೆ ಕೂತು ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಡುತ್ತಾಳೆ. ಕೇಳಲು ನನಗೂ ಒಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಈ ಪತ್ತೇದಾರಿಕೆ ಶುರುವಾದದ್ದು ನಿಜವಾದ ಪತ್ತೇದಾರಿಕೆಯಿಂದಲೇ. 1901ರಲ್ಲಿ ಜರ್ಮನಿಯ ಪೌಲ್ ಉಲೆನ್‌ಹುತ್ ಎಂಬ ವೈದ್ಯರು ಮೊಲಕ್ಕೆ ಮನುಷ್ಯನ ರಕ್ತ ಚುಚ್ಚಿ, ಕೆಲವು ವಾರ ಬಿಟ್ಟು ಆ ಮೊಲದ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ತೆಗೆದಿಟ್ಟರು. ಮನುಷ್ಯನ ರಕ್ತ ಕರಗಿಸಿದ ನೀರಿಗೆ ಅದನ್ನು ಹಾಕಿದರೆ ನೀರು ಮಜ್ಜಿಗೆ ತಿಳಿಯಂತೆ ಕದಡುತ್ತಿತ್ತು. ದನದ ರಕ್ತಕ್ಕೆ, ಕುರಿಯ ರಕ್ತಕ್ಕೆ ಹಾಕಿದರೆ ನೀರು ಹಾಗೇ ಇರುತ್ತಿತ್ತು. ಅದೇ ಕಾಲದಲ್ಲಿ ಕೊಲೆ ಆರೋಪ ಹೊತ್ತ ಒಬ್ಬ ಬಡಗಿ ತನ್ನ ಬಟ್ಟೆಯ ಮೇಲಿನ ಕಲೆ ಮರಕ್ಕೆ ಬಳಿಯುವ ಬಣ್ಣದ್ದು ಎಂದು ವಾದಿಸುತ್ತಿದ್ದ. ಉಲೆನ್‌ಹುತ್ ಪರೀಕ್ಷಿಸಿ, ಕೆಲವು ಕಲೆ ಕುರಿಯ ರಕ್ತ, ಕೆಲವು ಮನುಷ್ಯನ ರಕ್ತ ಎಂದು ಬೇರೆ ಬೇರೆ ಮಾಡಿ ತೋರಿಸಿದರು. ಒಣಗಿದ ಕಲೆಯಲ್ಲಿದ್ದ ಮನುಷ್ಯನ ಪ್ರೋಟೀನನ್ನು ಮೊಲ ಗುರುತಿಸಿತ್ತು.

ಈ ಗುರುತಿಸುವಿಕೆ ಹೇಗೆ ಎಂಬುದು ನನಗೆ ಅರ್ಥವಾದದ್ದು ನನ್ನ ವೃತ್ತಿಯ ಮೂಲಕ.

ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಪ್ರತಿ ಖಾತೆದಾರನ ಮಾದರಿ ಸಹಿಯ ಕಾರ್ಡು ಇರುತ್ತಿತ್ತು. ಚೆಕ್ ಬಂದರೆ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಎಲ್ಲ ಗುಮಾಸ್ತರೂ ಒಂದೇ ಥರ ನೋಡುವುದಿಲ್ಲ. ಒಬ್ಬ ಮೊದಲಕ್ಷರದ ಸುಳಿ ನೋಡುತ್ತಾನೆ, ಇನ್ನೊಬ್ಬ ಒತ್ತಕ್ಷರ ಎಲ್ಲಿ ಬಾಗಿದೆ ಎಂದು, ಮತ್ತೊಬ್ಬ ಕೊನೆಗೆ ಎಳೆದ ಗೀಟಿನ ಉದ್ದ. ನಾನು ಪೆನ್ನು ಎತ್ತಿದ ಜಾಗ ನೋಡುತ್ತಿದ್ದೆ. ಸಹಿ ಒಂದೇ, ಅದರ ಬೇರೆ ಬೇರೆ ತುಣುಕನ್ನು ಬೇರೆ ಬೇರೆ ಕಣ್ಣು ಹಿಡಿಯುತ್ತಿತ್ತು.

ಮೊಲದ ರಕ್ತದಲ್ಲೂ ಹೀಗೆಯೇ. ಅಲ್ಲಿ ಬಿ ಕೋಶಗಳು ಎಂಬ ಲೆಕ್ಕವಿಲ್ಲದಷ್ಟು ಗುಮಾಸ್ತರಿದ್ದಾರೆ. ಒಂದು ಬಿ ಕೋಶಕ್ಕೆ ಒಂದೇ ಆಕಾರದ ಪ್ರತಿಕಾಯ ಮಾಡಲು ಬರುತ್ತದೆ. ಒಳಗೆ ಬಂದ ಪ್ರೋಟೀನಿನ ಒಂದು ಮೂಲೆಗೆ ಯಾವ ಕೋಶದ ಪ್ರತಿಕಾಯ ಹೊಂದಿತೋ ಆ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ವಂಶ ಬೆಳೆಸುತ್ತದೆ. ಒಂದೇ ಕೋಶದ ವಂಶಕ್ಕೆ ಕ್ಲೋನ್ ಎನ್ನುತ್ತಾರೆ. ಪ್ರೋಟೀನಿನ ತಲೆ ಹಿಡಿಯುವ ವಂಶ ಒಂದು, ನಡು ಹಿಡಿಯುವ ವಂಶ ಇನ್ನೊಂದು, ಬಾಲ ಹಿಡಿಯುವುದು ಮತ್ತೊಂದು. ಈ ಎಲ್ಲ ವಂಶಗಳ ಪ್ರತಿಕಾಯಗಳ ಮಿಶ್ರಣವೇ ಪಾಲಿಕ್ಲೋನಲ್ ಪ್ರತಿಕಾಯ. ಪಾಲಿ ಎಂದರೆ ಹಲವು. ಹಾವಿನ ಇಂಜೆಕ್ಷನ್ ಕೂಡ ಪಾಲಿಕ್ಲೋನಲ್ಲೇ.

ಒಂದೇ ವಂಶವನ್ನು ಬೇರ್ಪಡಿಸಿ ಬೆಳೆಸುವ ವಿದ್ಯೆಯನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಅದು ಮಾನೋಕ್ಲೋನಲ್. ಒಬ್ಬನೇ ಗುಮಾಸ್ತ, ಒಂದೇ ಅಕ್ಷರ ನೋಡುವವನು. ಬಹಳ ಕರಾರುವಾಕ್ಕು. ಆದರೆ ಆ ಅಕ್ಷರದ ಮೇಲೇ ಮಸಿ ಚೆಲ್ಲಿದ್ದರೆ ಅವನು ಕೈ ಚೆಲ್ಲುತ್ತಾನೆ. ಹಲವು ಗುಮಾಸ್ತರಿದ್ದರೆ ಇನ್ನೊಬ್ಬ ಬೇರೆ ಅಕ್ಷರ ನೋಡಿ ಗುರುತು ಹೇಳುತ್ತಾನೆ. ಹಳೆಯ ಅಂಗಾಂಶ, ರಾಸಾಯನಿಕದಲ್ಲಿ ಅದ್ದಿಟ್ಟ ಅಂಗಾಂಶ ನೋಡುವವರಿಗೆ ಪಾಲಿಕ್ಲೋನಲ್ ಇಂದಿಗೂ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಯಾರ ಬಾಯಲ್ಲಿ ಕೇಳಿಲ್ಲ ಹೇಳಿ. ನಮ್ಮಣ್ಣನವರಿಗೆ ಎಂಬತ್ತರ ಹತ್ತಿರ ಬರುವವರೆಗೂ ಅರಳೂ ಇರಲಿಲ್ಲ, ಮರಳೂ ಇರಲಿಲ್ಲ. ಯಾವ ಬೆಳೆಯ ಗೂಡು ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಯಿತು ಎಂದು ಹತ್ತು ವರ್ಷದ ಹಿಂದಿನದನ್ನೂ ಹೇಳುತ್ತಿದ್ದರು. ಆಮೇಲೆ ಕೇಳಿದ್ದನ್ನೇ ಕೇಳತೊಡಗಿದರು. ಗೊತ್ತಿದ್ದ ತೋಟದ ದಾರಿಯಲ್ಲಿ ನಿಂತು ಯಾವ ಕಡೆ ಎಂದು ನೋಡತೊಡಗಿದರು. ಒಂದು ದಿನ ಅವರ ಚೆಕ್ ಸಹಿ ಹೊಂದುತ್ತಿಲ್ಲವೆಂದು ವಾಪಸು ಬಂತು. ಆ ಚೆಕ್ ನೋಡಿದ ಕೂಡಲೇ ನನಗೆ ತಿಳಿಯಿತು, ಇದು ಗಾದೆಯ ಮಾತಲ್ಲ ಎಂದು. ಮೊದಲರ್ಧ ಅಣ್ಣನದೇ ಸಹಿ. ಉಳಿದರ್ಧ ಎಲ್ಲಿಗೆ ಹೋಗಬೇಕೋ ತಿಳಿಯದ ಗೀಟು.

ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಬರೆದದ್ದು ರಕ್ತ ಪರೀಕ್ಷೆ, ಥೈರಾಯ್ಡಿಗೆ ಟಿಎಸ್‌ಎಚ್ ಮತ್ತು ಬಿ12. ಇದನ್ನು ಓದುವ ಅಜ್ಜ ಅಜ್ಜಿಯರು ದಯವಿಟ್ಟು ಗಮನಿಸಬೇಕು. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ, ಮನಸ್ಸಿಗೆ ಖಿನ್ನತೆ ಹಿಡಿದರೂ ಮರೆವು ಬರುತ್ತದೆ, ಅವಕ್ಕೆ ಔಷಧವಿದೆ. ಅರಳು ಮರಳು ಎಂದು ಮನೆಯಲ್ಲೇ ಕೂರಿಸಿದರೆ ಇವು ತಪ್ಪಿಹೋಗುತ್ತವೆ. ಅಂದ ಹಾಗೆ ಟಿಎಸ್‌ಎಚ್ ಕೂಡ ಪ್ರೋಟೀನು, ಅದನ್ನು ರಕ್ತದಲ್ಲಿ ಅಳೆಯುವುದೂ ಪ್ರತಿಕಾಯದಿಂದಲೇ. ಈ ಅಳತೆಯ ವಿದ್ಯೆಯನ್ನು 1950ರ ದಶಕದ ಕೊನೆಯಲ್ಲಿ ಕಟ್ಟಿಕೊಟ್ಟವರು ನ್ಯೂಯಾರ್ಕಿನ ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ಅವರು ಮನುಷ್ಯರ ರಕ್ತದ ಇನ್ಸುಲಿನ್ ಅಳೆಯಲು ಬಳಸಿದ್ದು ಗಿನಿಹಂದಿಯ ಸೀರಂ.

ಅಣ್ಣನವರ ಥೈರಾಯ್ಡು, ಬಿ12 ಎರಡೂ ಸರಿಯಿದ್ದವು. ಸ್ಕ್ಯಾನ್ ಆಯಿತು, ಪ್ರಶ್ನೆ ಕೇಳಿ ಪರೀಕ್ಷಿಸಿದ್ದಾಯಿತು. ಆಲ್‌ಝೈಮರ್ ಇರಬೇಕು ಎಂದರು. ಇರಬೇಕು ಎನ್ನುವ ಆ ಪದ ನನ್ನನ್ನು ಕಾಡಿತು. ಲೆಕ್ಕ ತಾಳೆಯಾಗುವವರೆಗೂ ಎದ್ದು ಹೋಗದ ಕೆಲಸ ಮಾಡಿದವನು ನಾನು. ಇದೆಯೋ ಇಲ್ಲವೋ ಏಕೆ ಹೇಳುವುದಿಲ್ಲ? ಮೊಮ್ಮಗಳನ್ನು ಕೇಳಿದೆ. ಅವಳೆಂದಳು, "ಚಿಕ್ಕತಾತ, ಪೂರ್ತಿ ಖಚಿತವಾಗಿ ಹೇಳಬೇಕಾದರೆ ಮಿದುಳನ್ನೇ ತೆಳ್ಳಗೆ ಕೊಯ್ದು ಮೊಲದ ಪ್ರತಿಕಾಯ ಹಚ್ಚಿ ನೋಡಬೇಕು. ಬದುಕಿರುವವರಿಗೆ ಹಾಗೆ ಮಾಡುವುದಕ್ಕೆ ಆಗುತ್ತದೆಯೇ?"

ಆ ಕಾಯಿಲೆಗೆ ಹೆಸರು ಬಂದದ್ದು ಜರ್ಮನಿಯ ಅಲೋಯಿಸ್ ಆಲ್‌ಝೈಮರ್ ಎಂಬ ವೈದ್ಯರಿಂದ. 1901ರಲ್ಲಿ, ಉಲೆನ್‌ಹುತ್ ರಕ್ತದ ಕಲೆ ಪರೀಕ್ಷಿಸಿದ ಅದೇ ವರ್ಷ, ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗಸ್ಟೆ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಹೆಸರು ಬರೆಯಿರಿ ಎಂದರೆ ಆಕೆ 'ಶ್ರೀಮತಿ' ಎಂಬಷ್ಟು ಬರೆದು ಮುಂದಿನದು ಮರೆತು ನಿಲ್ಲಿಸುತ್ತಿದ್ದರಂತೆ. ಆಲ್‌ಝೈಮರ್ ಕೈಯಾರೆ ಬರೆದಿಟ್ಟ ಆ ಕಡತ 1995ರಲ್ಲಿ ಮತ್ತೆ ಸಿಕ್ಕಿತು. ಇದನ್ನು ತಿಳಿದ ದಿನ ನಾನು ಆ ವಾಪಸು ಬಂದ ಚೆಕ್ಕನ್ನು ಮತ್ತೊಮ್ಮೆ ತೆಗೆದು ನೋಡಿದೆ. ಆಗಸ್ಟೆ 1906ರಲ್ಲಿ ತೀರಿಕೊಂಡಾಗ ಆಲ್‌ಝೈಮರ್ ಆಕೆಯ ಮಿದುಳಿನ ತೆಳು ಪದರಕ್ಕೆ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಒಳಗೆ ಕಪ್ಪು ನಾರಿನ ಸಿಕ್ಕುಗಳಿದ್ದವು. ಕೋಶಗಳ ಹೊರಗೆ ಯಾವುದೋ ಗಸಿ ಕಟ್ಟಿತ್ತು. ಬೆಳ್ಳಿ ಬಣ್ಣ ಸಿಕ್ಕನ್ನು ತೋರಿಸಿತು. ಸಿಕ್ಕು ಯಾವುದರದ್ದು ಎಂದು ಹೇಳಲಿಲ್ಲ. ಸುಮಾರು ಎಂಬತ್ತು ವರ್ಷ ಅದು ಗೊತ್ತಾಗಲಿಲ್ಲ.

ಉತ್ತರ ಹೇಳಿದ್ದು ಪ್ರತಿಕಾಯಗಳು. 1975ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಹಂದಿಯ ಮಿದುಳಿನಿಂದ ಟೌ ಎಂಬ ಪ್ರೋಟೀನನ್ನು ಬೇರ್ಪಡಿಸಿದ್ದರು. ನರಕೋಶದ ಉದ್ದನೆಯ ಬಾಲದೊಳಗೆ ಸೂಕ್ಷ್ಮವಾದ ಕೊಳವೆಗಳಿರುತ್ತವೆ, ಸಾಮಾನು ಸಾಗುವುದು ಅವುಗಳ ಮೇಲೆ. ಹೀರೆಕಾಯಿ ಚಪ್ಪರದ ಗಳುಗಳನ್ನು ಹುರಿಯಿಂದ ಬಿಗಿದು ಕಟ್ಟುತ್ತೇವಲ್ಲ, ಹಾಗೆ ಆ ಕೊಳವೆಗಳನ್ನು ಬಿಗಿಯಾಗಿಟ್ಟಿರುವುದು ಟೌ. ಮನುಷ್ಯನ ಮಿದುಳಿನ ಅತಿ ಉದ್ದದ ಟೌನಲ್ಲಿ 441 ಅಮೈನೋ ಆಮ್ಲದ ಮಣಿಗಳಿವೆ. 1985 ಮತ್ತು 1986ರಲ್ಲಿ ಬ್ರಸೆಲ್ಸ್ ಹಾಗೂ ನ್ಯೂಯಾರ್ಕಿನ ಸಂಶೋಧಕರು ಟೌ ವಿರುದ್ಧದ ಪ್ರತಿಕಾಯವನ್ನು ಆಲ್‌ಝೈಮರ್ ಮಿದುಳಿಗೆ ಹಚ್ಚಿದರು. ಅದು ಹೋಗಿ ಸಿಕ್ಕುಗಳಿಗೇ ಅಂಟಿಕೊಂಡಿತು. ಚಪ್ಪರದ ಹುರಿಯೇ ಬಿಚ್ಚಿಕೊಂಡು ತನಗೆ ತಾನೇ ಗಂಟು ಬಿದ್ದಿತ್ತು.

ಈ ಕತೆಯಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರು ಅಮೆರಿಕದಲ್ಲಿ ನೊಬೆಲ್ ಪುರಸ್ಕೃತ ಗಜ್ಡುಸೆಕ್ ಅವರ ತಂಡದೊಡನೆ ಕೆಲಸ ಮಾಡಿ, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಜನರನ್ನು ಕಾಡಿದ ಒಂದು ವಿಚಿತ್ರ ನರರೋಗದಲ್ಲಿ ಇಂಥವೇ ಸಿಕ್ಕುಗಳನ್ನು ಪ್ರತಿಕಾಯಗಳಿಂದ ಪರೀಕ್ಷಿಸಿದರು. ಆ ಪ್ರಬಂಧ 1989ರಲ್ಲಿ ಪ್ರಕಟವಾಯಿತು. ಅವರೇ ಮುಂದೆ ನಿಂತು 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಕಟ್ಟಿದರು. ಬ್ಯಾಂಕ್ ಎಂದರೆ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಇಲ್ಲಿ ಠೇವಣಿ ಇಡುವವರು ತೀರಿಕೊಂಡವರು, ಅವರ ಪರವಾಗಿ ಸಹಿ ಹಾಕುವವರು ಮನೆಯವರು, ಸಾಲ ಪಡೆಯುವವರು ಸಂಶೋಧಕರು. ಬಡ್ಡಿ ಯಾರಿಗೆ ಬರುತ್ತದೆ ಎಂದು ಲೆಕ್ಕ ಹಾಕಿದರೆ, ಇನ್ನೂ ಹುಟ್ಟದವರಿಗೆ.

ಅಲ್ಲಿ, ಮತ್ತು ಜಗತ್ತಿನ ಎಲ್ಲ ಇಂಥ ಪ್ರಯೋಗಾಲಯಗಳಲ್ಲಿ, ಕೆಲಸ ಹೇಗೆ ನಡೆಯುತ್ತದೆ ಎಂದು ಮೊಮ್ಮಗಳು ಹೇಳಿದ್ದನ್ನು ಅವಳ ಮಾತಿನ ಕ್ರಮದಲ್ಲೇ ಹೇಳುತ್ತೇನೆ. ಮಿದುಳಿನ ತುಂಡನ್ನು ಫಾರ್ಮಲಿನ್‌ನಲ್ಲಿ ನೆನೆಹಾಕಿ ಗಟ್ಟಿ ಮಾಡಿ, ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಅದನ್ನು ಹಪ್ಪಳಕ್ಕಿಂತ ಎಷ್ಟೋ ತೆಳ್ಳಗೆ ಹೆರೆಯುತ್ತಾರೆ. ಒಂದು ಪದರದ ದಪ್ಪ ಸುಮಾರು 5 ಮೈಕ್ರಾನ್. ಮಕ್ಕಳೇ, ನೀವೇ ಲೆಕ್ಕ ಹಾಕಿ, ಒಂದು ಮಿಲಿಮೀಟರಿನಲ್ಲಿ 200 ಪದರ! ಆ ಪದರವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಮೇಣ ತೊಳೆದು, ಬಿಸಿ ದ್ರಾವಣದಲ್ಲಿ ಇಡುತ್ತಾರೆ. ಫಾರ್ಮಲಿನ್ ಮುಚ್ಚಿಬಿಟ್ಟಿದ್ದ ಪ್ರೋಟೀನುಗಳ ಮುಖ ಆಗ ಮತ್ತೆ ತೆರೆದುಕೊಳ್ಳುತ್ತದೆ. ಆಮೇಲೆ ನೀರು ಸೇರಿಸಿ ತೆಳು ಮಾಡಿದ ಮೊಲದ ಪ್ರತಿಕಾಯ ಹಾಕಿ ಕಾಯುವುದು. ಟೌ ಎಲ್ಲಿದೆಯೋ ಅಲ್ಲಿ ಹೋಗಿ ಅದು ಹಿಡಿದುಕೊಳ್ಳುತ್ತದೆ. ತೊಳೆದರೆ ಉಳಿದದ್ದೆಲ್ಲ ಹೋಗುತ್ತದೆ.

ಆದರೆ ಪ್ರತಿಕಾಯ ಕಣ್ಣಿಗೆ ಕಾಣುವುದಿಲ್ಲವಲ್ಲ? ಅದಕ್ಕೆ ಒಂದು ಆಡು ಬೇಕು. ಆಡಿಗೆ ಮೊಲದ ಪ್ರತಿಕಾಯವನ್ನೇ ಚುಚ್ಚಿರುತ್ತಾರೆ. ಆಡಿನ ರಕ್ತದಲ್ಲಿ ಮೊಲದ ಪ್ರತಿಕಾಯವನ್ನು ಹಿಡಿಯುವ ಪ್ರತಿಕಾಯ ಹುಟ್ಟಿರುತ್ತದೆ. ಅದಕ್ಕೆ ಸಾಸಿವೆ ಕುಲದ ಒಂದು ಖಾರದ ಬೇರಿನಿಂದ ತೆಗೆದ ಕಿಣ್ವವನ್ನು ಅಂಟಿಸಿರುತ್ತಾರೆ. ಒಂದು ರಾಸಾಯನಿಕ ಸುರಿದರೆ ಆ ಕಿಣ್ವ ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಒಂದು ಮೊಲದ ಪ್ರತಿಕಾಯದ ಮೇಲೆ ಹಲವು ಆಡಿನ ಪ್ರತಿಕಾಯ ಕೂರುವುದರಿಂದ ಬಣ್ಣ ಗಾಢವಾಗುತ್ತದೆ. ಹಿನ್ನೆಲೆಗೆ ತಿಳಿ ನೀಲಿ ಬೇಕಲ್ಲ, ಅದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬಂದದ್ದು. ಮನುಷ್ಯ, ಮೊಲ, ಆಡು, ಬೇರು, ಮರ, ಇಷ್ಟೂ ಒಂದು ಗಾಜಿನ ಪಟ್ಟಿಯ ಮೇಲೆ ಸೇರಿದರೆ ನೀಲಿ ಹೊಲದಲ್ಲಿ ಕಂದು ಸಿಕ್ಕುಗಳು ಕಾಣುತ್ತವೆ. ಅವಳ ಮೊಬೈಲಿನಲ್ಲಿದ್ದ ಒಂದು ಚಿತ್ರ ತೋರಿಸಿದಳು. ಹೊಗೆಸೊಪ್ಪಿನ ಚೂರು ಚೆಲ್ಲಿದ ಹಾಗಿತ್ತು. ಅದು ಯಾರದೋ ಮನೆಯ ಹಿರಿಯರ ಮರೆವು. ಹೆಸರಿರಲಿಲ್ಲ, ನಂಬರು ಮಾತ್ರ ಇತ್ತು.

ಇಲ್ಲಿ ನಾನು ಗುಮಾಸ್ತನ ಪ್ರಶ್ನೆ ಕೇಳಿದೆ. ಕಂದು ಬಣ್ಣ ಬಂದ ಮಾತ್ರಕ್ಕೆ ಅದು ಟೌ ಎಂದು ಹೇಗೆ ನಂಬುತ್ತೀರಿ? ಒಂದೇ ಥರ ಸಹಿ ಹಾಕುವ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ. ಉಲೆನ್‌ಹುತ್ ಕಾಲದಲ್ಲೇ ಕಂಡಿತ್ತು, ಮನುಷ್ಯನ ರಕ್ತಕ್ಕೆಂದು ಮಾಡಿದ ಸೀರಂ ವಾನರಗಳ ರಕ್ತಕ್ಕೂ ಕದಡುತ್ತದೆ. ಹತ್ತಿರದ ನೆಂಟರು ಒಂದೇ ಥರ ಕಾಣುವುದು ಸಹಜ. ಪಾಲಿಕ್ಲೋನಲ್‌ನಲ್ಲಿ ಇದು ಇನ್ನೂ ಹೆಚ್ಚು. ನೂರು ಗುಮಾಸ್ತರಲ್ಲಿ ಒಬ್ಬ ತಪ್ಪು ಸಹಿಗೂ ತಲೆಯಾಡಿಸಬಹುದು. ಸಾಲದ್ದಕ್ಕೆ ಆ ಮೊಲದ ಮೈಯಲ್ಲಿ ಟೌಗೆ ಸಂಬಂಧವಿಲ್ಲದ, ಹಿಂದೆಂದೋ ಬಂದ ಸೋಂಕಿನ ಪ್ರತಿಕಾಯಗಳೂ ಇರುತ್ತವೆ.

ಅವಳಿಗೆ ಆ ಪ್ರಶ್ನೆ ಇಷ್ಟವಾಯಿತು. ಪ್ರತಿ ಸಲ ಬಣ್ಣ ಹಾಕುವಾಗ ಪಕ್ಕದಲ್ಲಿ ಬೇರೆ ಪಟ್ಟಿಗಳೂ ಇರುತ್ತವಂತೆ. ಟೌ ಸಿಕ್ಕು ಇದೆ ಎಂದು ಮೊದಲೇ ಗೊತ್ತಿರುವ ಮಿದುಳಿನದು ಒಂದು. ಅದರಲ್ಲಿ ಬಣ್ಣ ಬರದಿದ್ದರೆ ಆ ದಿನದ ಕೆಲಸವೆಲ್ಲ ರದ್ದು. ಇನ್ನೊಂದಕ್ಕೆ ಮೊಲದ ಪ್ರತಿಕಾಯ ಹಾಕದೆ ಆಡಿನದು ಮಾತ್ರ ಹಾಕುತ್ತಾರೆ. ಅದರಲ್ಲೂ ಕಂದು ಬಂದರೆ ಆಡೇ ಸುಳ್ಳು ಹೇಳುತ್ತಿದೆ ಎಂದರ್ಥ. ನನಗೆ ಬಹಳ ಹಿಡಿಸಿದ ಪರೀಕ್ಷೆ ಇನ್ನೊಂದು. ಮೊಲದ ಪ್ರತಿಕಾಯಕ್ಕೆ ಮೊದಲೇ ಶುದ್ಧ ಟೌ ಬೆರೆಸಿಬಿಡುವುದು. ಅದರ ಕೈಗಳೆಲ್ಲ ಅಲ್ಲೇ ತುಂಬಿಹೋಗುತ್ತವೆ. ಈಗ ಅದನ್ನು ಮಿದುಳಿಗೆ ಹಾಕಿದರೆ ಸಿಕ್ಕುಗಳು ಬಣ್ಣ ಹಿಡಿಯಬಾರದು. ಹಿಡಿದರೆ ಅದು ಹಿಡಿಯುತ್ತಿದ್ದದ್ದು ಟೌ ಅಲ್ಲ, ಬೇರೇನೋ. ಇದಲ್ಲದೆ ಟೌ ಜೀನನ್ನೇ ತೆಗೆದುಹಾಕಿ ಬೆಳೆಸಿದ ಇಲಿಗಳಿವೆ. ಅವುಗಳ ಮಿದುಳಿನಲ್ಲಿ ಟೌ ಇರುವುದೇ ಇಲ್ಲ. ಅಲ್ಲಿಯೂ ಪ್ರತಿಕಾಯ ಕಂದು ತೋರಿಸಿದರೆ ಅದನ್ನು ನಂಬುವಂತಿಲ್ಲ.

ಎಲ್ಲರೂ ಇಷ್ಟು ಜಾಗ್ರತೆ ಮಾಡುತ್ತಾರೆಂದು ತಿಳಿಯಬೇಡಿ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಮುಂದಿಟ್ಟರು. ಜಗತ್ತಿನಲ್ಲಿ ಸಂಶೋಧನೆಯ ಪ್ರತಿಕಾಯಗಳಿಗೆ ವರ್ಷಕ್ಕೆ 160 ಕೋಟಿ ಡಾಲರ್ ಖರ್ಚಾಗುತ್ತಿದೆ, ಅದರಲ್ಲಿ ಅಂದಾಜು ಅರ್ಧದಷ್ಟು ಕೆಟ್ಟ ಪ್ರತಿಕಾಯಗಳಿಗೆ ಹೋಗುತ್ತಿದೆ ಎಂದು. ಆಗಿನ ದರದಲ್ಲಿ ಗುಣಿಸಿದೆ, ಸುಮಾರು 5,000 ಕೋಟಿ ರೂಪಾಯಿ! ಹಣ ಹೋದರೆ ಹೋಗಲಿ. ತಪ್ಪು ಸಹಿಗೆ ಪಾಸ್ ಮಾಡಿದ ಚೆಕ್ಕಿನ ಹಾಗೆ, ತಪ್ಪು ಪ್ರೋಟೀನನ್ನು ಹಿಂಬಾಲಿಸಿ ಎಷ್ಟು ವರ್ಷ, ಎಷ್ಟು ರೋಗಿಗಳ ಕಾಯುವಿಕೆ ವ್ಯರ್ಥವಾಯಿತೋ. ಬ್ಯಾಂಕಿನಲ್ಲಾದರೆ ಸಂಜೆಯೊಳಗೆ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಪ್ರಯೋಗಾಲಯದಲ್ಲಿ ಸಂಜೆಯೆಂಬುದು ಹತ್ತು ವರ್ಷದ ಮೇಲೆ ಬರಬಹುದು.

ಒಳ್ಳೆಯ ಲೆಕ್ಕ ಇಟ್ಟವರೂ ಇದ್ದಾರೆ. ಸ್ವೀಡನ್ನಿನಲ್ಲಿ 2003ರಲ್ಲಿ ಶುರುವಾದ 'ಹ್ಯೂಮನ್ ಪ್ರೋಟೀನ್ ಅಟ್ಲಾಸ್' ಎಂಬ ಯೋಜನೆ ಮನುಷ್ಯನ ಒಂದೊಂದು ಪ್ರೋಟೀನಿಗೂ ಮೊಲದ ಪಾಲಿಕ್ಲೋನಲ್ ಪ್ರತಿಕಾಯ ತಯಾರಿಸಿ, ಯಾವ ಅಂಗದಲ್ಲಿ ಯಾವುದು ಇದೆ ಎಂದು ನಕ್ಷೆ ಬರೆಯತೊಡಗಿತು. ಅವರು ಸೀರಂ ಅನ್ನು ಹಾಗೇ ಬಳಸುವುದಿಲ್ಲ. ಯಾವ ತುಣುಕನ್ನು ಮೊಲಕ್ಕೆ ಚುಚ್ಚಿದ್ದರೋ ಅದೇ ತುಣುಕಿಗೆ ಅಂಟುವ ಪ್ರತಿಕಾಯಗಳನ್ನು ಮಾತ್ರ ಜರಡಿ ಹಿಡಿದು ಉಳಿಸಿಕೊಳ್ಳುತ್ತಾರೆ. ಲಕ್ಷಾಂತರ ಚಿತ್ರಗಳನ್ನು ಕಣ್ಣಿಟ್ಟು ನೋಡಿ ಷರಾ ಬರೆದವರಲ್ಲಿ ಮುಂಬಯಿಯ ವೈದ್ಯರ ತಂಡವೂ ಇತ್ತು. ಆ ನಕ್ಷೆ ಜಗತ್ತಿಗೆಲ್ಲ ಉಚಿತ.

ಇನ್ನು ಬದುಕಿರುವವರ ಮಾತು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಇಂಥ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು. ಇವರಿಗೆಲ್ಲ ಮಿದುಳು ಕೊಯ್ಯುವ ಪರೀಕ್ಷೆಯಿಂದ ಏನು ಪ್ರಯೋಜನ ಎಂದು ನಮ್ಮತ್ತಿಗೆ ಒಂದು ದಿನ ನೇರವಾಗಿ ಕೇಳಿಬಿಟ್ಟರು. ಪ್ರಯೋಜನ ನಿಧಾನವಾಗಿ ಬರುತ್ತಿದೆ. ಮಿದುಳಿನಲ್ಲಿ ಸಿಕ್ಕಾಗುವ ಟೌನ ಚೂರುಗಳು ರಕ್ತಕ್ಕೂ ಬಹಳ ಅಲ್ಪ ಪ್ರಮಾಣದಲ್ಲಿ ಬರುತ್ತವೆ. ಅವನ್ನು ಪ್ರತಿಕಾಯಗಳಿಂದಲೇ ಹಿಡಿದು ಅಳೆಯುವ ಒಂದು ರಕ್ತ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ಸುಮ್ಮನೆ ಕುತೂಹಲಕ್ಕೆ ಮಾಡಿಸುವಂಥದ್ದಲ್ಲ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. 10,000 ಜನರ ಗುರಿ. ಹೊಲ ಗೇಯುವವರ, ಶಾಲೆ ನೋಡದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಅಮೆರಿಕದ ಲೆಕ್ಕದಿಂದ ಹೇಳಲಾಗುವುದಿಲ್ಲವಲ್ಲ.

ಅಣ್ಣನವರಿಗೆ ಈಗ ಮೊಮ್ಮಗಳ ಹೆಸರು ಬರುವುದಿಲ್ಲ. ಅವಳು ಬಂದರೆ ಸಂತೋಷಪಡುತ್ತಾರೆ, ಯಾರೆಂದು ಮಾತ್ರ ಗೊತ್ತಿಲ್ಲ. ಅವಳು ಅವರ ಪಕ್ಕ ಕೂತು ಕಡಲೆಕಾಯಿ ಸುಲಿದು ಕೊಡುತ್ತಾಳೆ. ಆ ಕೈಗಳೇ ಬೆಂಗಳೂರಿನಲ್ಲಿ ಗಾಜಿನ ಪಟ್ಟಿ ತೊಳೆಯುವ ಕೈಗಳು.

ಮಿದುಳು ದಾನದ ಮಾತು ಎತ್ತಿದವಳೂ ಅವಳೇ, ಬಹಳ ಹಿಂಜರಿಯುತ್ತ, ಅಣ್ಣ ನಿದ್ದೆ ಮಾಡಿದ ಮೇಲೆ. ತೀರಿಕೊಂಡ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು, ಹೊತ್ತಾದರೆ ಪ್ರೋಟೀನುಗಳು ಕೆಡುತ್ತವೆ. ಮಿದುಳು ಮಾತ್ರ ಇಟ್ಟುಕೊಂಡು ದೇಹವನ್ನು ಮನೆಯವರಿಗೆ ಕೊಡುತ್ತಾರೆ, ಮುಖ ಕೆಡುವುದಿಲ್ಲ, ಸಂಸ್ಕಾರ ನಮ್ಮ ಪದ್ಧತಿಯಂತೆಯೇ ಮಾಡಬಹುದು. ಮನೆಯವರು ಒಪ್ಪಿ ಸಹಿ ಹಾಕದೆ ಯಾರೂ ಮುಟ್ಟುವಂತಿಲ್ಲ. ಬಂಡಳ್ಳಿಯಿಂದ ಬೆಂಗಳೂರಿಗೆ ಅಷ್ಟು ಬೇಗ ಹೋಗುವುದು ಹೇಗೆ ಎಂದು ನನ್ನ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಅಣ್ಣನವರ ದೊಡ್ಡ ಮಗ ಬೇಡವೇ ಬೇಡ ಎಂದು ಎದ್ದು ಹೊರಗೆ ಹೋದ. ಅದೂ ನ್ಯಾಯವೇ, ತಂದೆ ಒಳಗೆ ಉಸಿರಾಡುತ್ತ ಮಲಗಿರುವಾಗ. ನಾನು ನನ್ನದನ್ನು ಕೊಡಲು ಬರೆದುಕೊಡುತ್ತೇನೆಂದೆ. ಮರೆವು ಬರದ ಮಿದುಳೂ ಬೇಕಂತೆ, ಹೋಲಿಸಿ ನೋಡುವುದಕ್ಕೆ, ಮಾದರಿ ಸಹಿಯ ಕಾರ್ಡಿನ ಹಾಗೆ. ನಿಮ್ಹಾನ್ಸ್‌ನಲ್ಲಿ ಮಿದುಳುಗಳ ಒಂದು ಮ್ಯೂಸಿಯಂ ಇದೆ, ಶಾಲೆಯ ಮಕ್ಕಳು ಹೋಗಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಒಂದೂವರೆ ಕಿಲೋಗೂ ಕಡಿಮೆ ತೂಕ. ಬೆಂಗಳೂರಿಗೆ ಹೋಗುವ ಮಕ್ಕಳು ಮೃಗಾಲಯದ ಜೊತೆಗೆ ಇದನ್ನೂ ನೋಡಿ ಬನ್ನಿ.

ಅತ್ತಿಗೆ ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೆ ಮೊಮ್ಮಗಳ ಕಡೆ ತಿರುಗಿ ಕೇಳಿದ್ದು ಇಷ್ಟೇ: "ಅಲ್ಲ ಕಣವ್ವ, ಆ ಮೊಲ್ಗೊಳ್ಗೆ ಏನಾಯ್ತದೆ?"

ಅವಳು ಮುಚ್ಚಿಡಲಿಲ್ಲ. ಕಿವಿಯ ನರದಿಂದ ಸ್ವಲ್ಪ ಸ್ವಲ್ಪವೇ ರಕ್ತ ತೆಗೆಯುತ್ತಾರೆ, ಅದಕ್ಕೆ ಮಿತಿ ಇದೆ, ಸರ್ಕಾರದ ಸಮಿತಿಯ ನಿಯಮವಿದೆ. ಆದರೆ ಎಷ್ಟೋ ಕಡೆ ಕೊನೆಯಲ್ಲಿ ಮೊಲ ಉಳಿಯುವುದಿಲ್ಲ. ಮೊಲ ಹೋದರೆ ಆ ಪ್ರತಿಕಾಯವೂ ಮುಗಿಯಿತು, ಇನ್ನೊಂದು ಮೊಲದ್ದು ಅದೇ ಥರ ಇರುವುದಿಲ್ಲ, ಎಲ್ಲವನ್ನೂ ಮೊದಲಿಂದ ಪರೀಕ್ಷಿಸಬೇಕು. ಅದಕ್ಕಾಗಿಯೇ ಪ್ರಾಣಿಗಳಿಲ್ಲದೆ ಪ್ರಯೋಗಾಲಯದಲ್ಲೇ ಪ್ರತಿಕಾಯ ತಯಾರಿಸುವ ದಾರಿಗೆ ಹೋಗಿ ಎಂದು 2020ರಲ್ಲಿ ಯುರೋಪಿನ ಒಂದು ಸರ್ಕಾರಿ ಪ್ರಯೋಗಾಲಯ ಸಲಹೆ ಕೊಟ್ಟಿದೆ, ನಿಧಾನವಾಗಿ ಎಲ್ಲರೂ ಆ ಕಡೆ ಹೊರಳುತ್ತಿದ್ದಾರೆ ಎಂದಳು.

"ಬೇಗ ಹೊಳ್ಳಿ ಅನ್ನು," ಎಂದರು ಅತ್ತಿಗೆ, ಎದ್ದು ಅಣ್ಣನವರ ರಾತ್ರಿಯ ಮಾತ್ರೆ ತರಲು ಒಳಗೆ ಹೋದರು.